ಉಬ್ಬಿದ ಡಬ್ಬಿ, ಮಲಗಿದ ಕಂಪ್ಯೂಟರ್!

ಹಾಸನ: ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಹಳೇ ಕಂಪ್ಯೂಟರಿನ ಸ್ವಿಚ್ ಒತ್ತಿದರೆ ಫ್ಯಾನ್ ಎರಡು ಸುತ್ತು ತಿರುಗಿ ನಿಲ್ಲುತ್ತದೆ. ನಾಲ್ಕೈದು ಸಲ ಒತ್ತಿದ ಮೇಲೆ ಹೇಗೋ ಏಳುತ್ತದೆ. ಮಧ್ಯಾಹ್ನ ಬಿಲ್ ಹಾಕುವಾಗ ತಾನಾಗೇ ಆರಿ ಮತ್ತೆ ಹತ್ತುತ್ತದೆ. 'ವೈರಸ್ ಬಂದೈತೆ ಕಣಣ್ಣ' ಅಂತ ಒಬ್ಬ, 'ಗುಜರಿಗೆ ಹಾಕಿ ಯಜಮಾನ್ರೇ' ಅಂತ ಇನ್ನೊಬ್ಬ. ಹತ್ತು ವರ್ಷದ ಉದ್ರಿ ಲೆಕ್ಕವೆಲ್ಲ ಅದರೊಳಗೇ ಇದ್ದರೆ ಅಂಗಡಿಯವನ ಗತಿ?

ಅವಸರ ಬೇಡ. ಕಳ್ಳ ಹಳಬನೇ. ಪಂಪ್‌ಸೆಟ್ ಮೋಟಾರ್ ಗುಂಯ್‌ಗುಟ್ಟಿ ತಿರುಗದಿದ್ದಾಗ ಅರಕಲಗೂಡು, ಹೊಳೆನರಸೀಪುರದ ರೈತರು ಮೊದಲು ಬಯ್ಯುವ ಕಂಡೆನ್ಸರ್ ಇದೆಯಲ್ಲ, ಅದರದ್ದೇ ಮರಿ. ಮದರ್‌ಬೋರ್ಡ್ ಮೇಲೆ ಸಣ್ಣ ಡಬ್ಬಿಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಒಳಗೆ ಅಲ್ಯೂಮಿನಿಯಂ ಹಾಳೆ, ದ್ರವದಲ್ಲಿ ನೆನೆದ ಕಾಗದ. ಏರಿಳಿಯುವ ಕರೆಂಟನ್ನು ಹದ ಮಾಡುವುದು ಇವುಗಳ ಕಸುಬು. ಕಾವು ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕರ್ಧ ಇಳಿಯಿತೆನ್ನಿ. ಧೂಳು ಕೂತ ಫ್ಯಾನನ್ನು ಯಾರು ಒರೆಸುತ್ತಾರೆ? ಸಾಲದ್ದಕ್ಕೆ 2000ದ ಆಸುಪಾಸಿನ ಕೆಲವು ವರ್ಷ ಕಳಪೆ ದ್ರವ ತುಂಬಿದ ಡಬ್ಬಿಗಳು ಜಗತ್ತಿನೆಲ್ಲೆಡೆ ಬೋರ್ಡುಗಳನ್ನು ಕೆಡಿಸಿದವು.

ಪತ್ತೆಗೆ ಮೊದಲು ಕಣ್ಣು ಸಾಕು. ಡಬ್ಬಿಯ ನೆತ್ತಿ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ನೆತ್ತಿಯ ಗೀರು ಬಿರಿದಿದ್ದರೆ, ಬುಡದಲ್ಲಿ ಕಂದು ಕರೆ ಇದ್ದರೆ ಅದರ ಕಥೆ ಮುಗಿಯಿತು. ಕೆಲವು ಮಾತ್ರ ಹೊರಗೆ ನೆಟ್ಟಗಿದ್ದು ಒಳಗೇ ಒಣಗಿರುತ್ತವೆ, ಅದಕ್ಕೆ ಇ.ಎಸ್.ಆರ್. ಮೀಟರ್ ಬೇಕು. ಬೋರ್ಡಿನಲ್ಲೇ ಇಟ್ಟು ಬರೀ ಮಲ್ಟಿಮೀಟರ್ ಹಿಡಿದರೆ ಅಕ್ಕಪಕ್ಕದ ಭಾಗಗಳೂ ಸೇರಿ ಸುಳ್ಳು ಲೆಕ್ಕ ಬಂದೀತು.

ಹೊಸದು ಹಾಕಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯ ಮಾಲೇ ಇರಲಿ. ಪಟ್ಟಿ ಎಳೆದ ಕಡೆ ಮೈನಸ್. ತಿರುಗಾಮುರುಗಾ ಆದರೆ ಢಂ!

ಪವರ್ ಸಪ್ಲೈ ಪೆಟ್ಟಿಗೆಗೆ ಮಾತ್ರ ನೀವೇ ಕೈ ಹಾಕಬೇಡಿ, ಸ್ವಾಮಿ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕಂಡೆನ್ಸರಿನಲ್ಲಿ 300 ವೋಲ್ಟಿನಷ್ಟು ಕೂತಿರಬಹುದು. ಅದು ಜೀವದ ಪ್ರಶ್ನೆ.

1982ರಿಂದ ಉಪಗ್ರಹಗಳಿಗೆ ಅಪ್ಪಣೆ ಕೊಡುವ ಕೇಂದ್ರವಿರುವ ಹಾಸನದಲ್ಲಿ, ಕೆಲವೇ ರೂಪಾಯಿಯ ಡಬ್ಬಿಗಾಗಿ ಇಡೀ ಕಂಪ್ಯೂಟರ್ ಗುಜರಿಗೆ ಹೋಗುವುದೇ?

ರಿಪೇರಿ ಗಿಟ್ಟದು ಅನಿಸಿದರೂ ಹಾರ್ಡ್ ಡಿಸ್ಕ್ ಬಿಚ್ಚಿಸಿಕೊಳ್ಳಿ. ಬೋರ್ಡ್ ಸತ್ತರೂ ಲೆಕ್ಕ ಇರುವುದು ಡಿಸ್ಕಿನಲ್ಲಿ. ಅದು ಚೆನ್ನಾಗಿದ್ದರೆ ಚನ್ನರಾಯಪಟ್ಟಣದ ಬಸ್ಸು ಹತ್ತುವುದರೊಳಗೆ ಬೇರೆ ಕಂಪ್ಯೂಟರಿಗೆ ಹಚ್ಚಿ, ಉದ್ರಿ ಯಾರದೆಷ್ಟು ಅಂತ ನೋಡಿಕೊಳ್ಳಬಹುದು.