ಗಣಪ ಮೇಲೆ, ಕ್ಯಾತ ತಳದಲ್ಲಿ

ಮೊಳಕಾಲ್ಮುರು ಅಂದರೆ ರೇಷ್ಮೆ ಸೀರೆ, ಚಳ್ಳಕೆರೆ ಅಂದರೆ ಶೇಂಗಾ ಎಣ್ಣೆ. ಈ ಬಯಲುಸೀಮೆಯ ಹೆಸರನ್ನು ಹೊರಗೆ ಒಯ್ದದ್ದು ಈ ಎರಡು ಸರಕು. ಇದೇ ದಾರಿಗಳಲ್ಲಿ ತಲೆಮಾರುಗಳಿಂದ ಓಡಾಡಿದ ಮೂರನೆಯದೊಂದು ಇದೆ: ತೊಗಲು ಗೊಂಬೆಯ ಪೆಟ್ಟಿಗೆ. ಆಟದ ಬಗ್ಗೆ ಬರೆದವರು ಬಹಳ ಮಂದಿ. ನನ್ನನ್ನು ಸೆಳೆದದ್ದು ಆಟ ಮುಗಿದು ದೀಪ ಆರಿಸಿದ ಮೇಲಿನ ಕೆಲಸ. ಕೆಲವು ಗೊಂಬೆಗಳು ನಾಲ್ಕು ಅಡಿಗೂ ಎತ್ತರ. ಮೈತುಂಬ ಸೂಕ್ಷ್ಮ ಕೊರೆತ, ಎರಡೂ ಬದಿಗೆ ಬಣ್ಣ. ಕತ್ತೆ, ಎತ್ತಿನಗಾಡಿ, ಬಸ್ಸಿನ ಟಾಪು ಎಂದು ಏರಿಸಿ ಇಳಿಸಿ, ಊರೂರು ಸುತ್ತಿಸಿ, ಒಂದು ಕಿರೀಟದ ತುದಿಯೂ ಮುರಿಯದಂತೆ ಅವನ್ನು ಮನೆಗೆ ತರುವುದು ಹೇಗೆ?

ಅದನ್ನು ತೋರಿಸಿಕೊಟ್ಟವರು ಆಂಧ್ರ ಗಡಿಗೆ ಹತ್ತಿರದ ಹಳ್ಳಿಯೊಂದರ ಹಿರಿಯ ಗೊಂಬೆಯಾಟಗಾರರು. ಹೆಸರು ಬರೆಯುವುದು ಬೇಡ ಎಂದರು. ಈಗ ಆಡಿಸುವವನು ಮಗ. ಪೆಟ್ಟಿಗೆ ಕಟ್ಟುವ ಕೆಲಸ ಮಾತ್ರ ಇವತ್ತಿಗೂ ಅಜ್ಜನದೇ.

ಪೆಟ್ಟಿಗೆ ಕಟ್ಟುವ ಕ್ರಮ

ತಳಕ್ಕೆ ಹಳೇ ಕಂಬಳಿ, ಎಲ್ಲೂ ಮಡಿಕೆ ಬೀಳದ ಹಾಗೆ. ಅದರ ಮೇಲೆ ಒಣಗಿದ ಬೇವಿನ ಸೊಪ್ಪು, ಬಜೆಯ ತುಂಡು, ಇವು ಹುಳಕ್ಕೆ. ಮೊದಲು ಮಲಗುವವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಬಾಯಿ ಬಿಟ್ಟರೆ ಪೋಲಿ ಮಾತಾಡುವ ಈ ಜೋಡಿಗೆ ತಳವೇ ಜಾಗ. ಅವರ ಮೇಲೆ ರಾಕ್ಷಸರು. ಆಮೇಲೆ ಆನೆ, ಕುದುರೆ, ಮರ, ರಥ. ನಂತರ ರಾಜರು, ಋಷಿಗಳು. ಎಲ್ಲಕ್ಕೂ ಮೇಲೆ ದೇವರು, ಕಟ್ಟಕಡೆಗೆ ಗಣಪ. ರಾಮನೂ ರಾವಣನೂ ಮೈಗೆ ಮೈ ತಾಗುವಂತಿಲ್ಲ. ಯಾಕೆ ಎಂದರೆ ಅಜ್ಜ ನಗುತ್ತಾರೆ: ‘ದಾರೀಲೇ ಯುದ್ಧ ಮುಗಿಸಿಬಿಟ್ರೆ ನಾವು ಊರಾಗೆ ಏನು ಆಡಿಸೋದು ಸ್ವಾಮಿ?’

ಇಲ್ಲಿ ಒಂದು ಸೋಜಿಗವಿದೆ. ಆಟದಲ್ಲಿ ಗಣಪನ ಪೂಜೆಯಾದ ಸ್ವಲ್ಪದರಲ್ಲೇ ನಗಿಸಲು ಬರಬೇಕಾದವನು ಕ್ಯಾತ. ಅವನೋ ತಳದಲ್ಲಿ. ಹಾಗಾಗಿ ಪ್ರತಿ ಆಟಕ್ಕೂ ಇಡೀ ಪೆಟ್ಟಿಗೆ ಬಿಚ್ಚದೆ ಗತಿಯಿಲ್ಲ. ಆ ರಾತ್ರಿಯ ಪ್ರಸಂಗಕ್ಕೆ ಬೇಡದ ಗೊಂಬೆಯೂ ಕೈಗೆ ಬರುತ್ತದೆ, ಗಾಳಿ ಕಾಣುತ್ತದೆ, ಯಾವ ದಾರ ಸಡಿಲವಾಗಿದೆ, ಎಲ್ಲಿ ಹುಳ ಹತ್ತಿದೆ ಎಂದು ಕಣ್ಣಿಗೆ ಬೀಳುತ್ತದೆ. ಅಜ್ಜ ಇದನ್ನು ಹಿರಿಯರು ಮಾಡಿದ ಕಟ್ಟಳೆ ಎನ್ನುತ್ತಾರೆ. ನನಗೆ ಅದರೊಳಗೆ ಒಳ್ಳೆಯ ಸಂರಕ್ಷಣಾ ಶಾಸ್ತ್ರವೇ ಕಂಡಿತು.

ಯಾಕೆಂದರೆ ಈ ತೊಗಲು ಚಪ್ಪಲಿಯ ಚರ್ಮದಂತೆ ಹದ ಮಾಡಿದ್ದಲ್ಲ. ಆಡಿನ ತೊಗಲನ್ನು ನೆನೆಸಿ, ಕೂದಲು ಹೆರೆದು, ಬಿಗಿಯಾಗಿ ಎಳೆದು ಒಣಗಿಸಿದ್ದು. ಬೆಳಕು ಹಾಯುವುದು ಅದಕ್ಕೇ. ಶೀತ ತಗುಲಿದರೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ, ಕಾವು ಹೆಚ್ಚಿದರೆ ಸುರುಳಿ ಸುತ್ತಿ ಸೆಟೆದುಕೊಳ್ಳುತ್ತದೆ. ಮಳೆ ಅಪರೂಪವಾದ ಚಳ್ಳಕೆರೆ, ಮೊಳಕಾಲ್ಮುರು ಕಡೆ ಬೂಷ್ಟಿನ ಕಾಟ ಕಡಿಮೆ, ಬಿಸಿಲಿನ ಭಯ ಜಾಸ್ತಿ. ಅದಕ್ಕೇ ಬೇಸಿಗೆಯ ಪ್ರಯಾಣವೆಲ್ಲ ಇಳಿಹೊತ್ತಿನ ಮೇಲೆ.

ಗೊಂಬೆಯ ನಡುವೆ ಉದ್ದಕ್ಕೆ ಕಟ್ಟಿದ ಸೀಳು ಬಿದಿರು ಆಟದಲ್ಲಿ ಹಿಡಿ, ದಾರಿಯಲ್ಲಿ ಬೆನ್ನುಮೂಳೆ. ದಾರದ ಗಂಟಿನಿಂದ ಕೂಡಿಸಿದ ಕೈಗಳನ್ನು ಎದೆಯ ಮೇಲೆ ಮಡಚಿ ಮಲಗಿಸುತ್ತಾರೆ. ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶ ಕೊರೆದ ದೊಡ್ಡ ಗೊಂಬೆಗಳನ್ನು ಮಡಚಲಾಗದು; ಪೆಟ್ಟಿಗೆಯ ಉದ್ದ ತೀರ್ಮಾನವಾಗುವುದು ಅವುಗಳಿಂದ. ಎರಡು ಗೊಂಬೆಯ ನಡುವೆ ಮೆತ್ತನೆಯ ಹಳೇ ಪಂಚೆ. ಬಿದಿರಿನ ಮೇಲೆ ಬಿದಿರು ಕೂರದಂತೆ ಒಂದನ್ನು ಬೆರಳಗಲ ಅತ್ತ, ಇನ್ನೊಂದನ್ನು ಇತ್ತ. ಊರು ತಲುಪಿದ ಮೇಲೆ ಅದೇ ಕಂಬಳಿ ಆಟದ ಗೂಡಿಗೆ ಗೋಡೆ, ಅದೇ ಪಂಚೆಗಳಲ್ಲಿ ಬೆಳ್ಳಗಿರುವುದು ಪರದೆ. ಹೊದಿಸಿ ತಂದದ್ದರಲ್ಲಿ ಬಿಸಾಡುವಂಥದ್ದು ಏನೂ ಇಲ್ಲ. ಕಂಬಳಿಗೆ ದೂರ ಹೋಗಬೇಕಿರಲಿಲ್ಲ. ಚಳ್ಳಕೆರೆ ಸೀಮೆಯ ಕುರಿ, ಕಂಬಳಿ ಮೊದಲಿನಿಂದ ಹೆಸರುವಾಸಿ.

ಅಜ್ಜ ಹೇಳಿದ ಚರಿತ್ರೆ

ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು, ಗೊಂಬೆರಾಮರು, ಉತ್ತರದ ಕಡೆ ಕಟಬರು: ಈ ಜನರಿಗೆ ಹೆಸರು ಹಲವು. ಮನೆಯೊಳಗೆ ಮರಾಠಿ ಬೆರೆತ ಮಾತು, ಪರದೆಯ ಹಿಂದೆ ಕನ್ನಡ. ಗಡಿಯಾಚೆ ಧರ್ಮಾವರದ ಹತ್ತಿರದ ನಿಮ್ಮಲಕುಂಟೆಯಲ್ಲಿ ಇದೇ ಕಸುಬಿನವರು ತೆಲುಗಿನಲ್ಲಿ ಆಡಿಸುತ್ತಾರೆ. ಅವರ ಗೊಂಬೆಗಳು ಇನ್ನೂ ದೊಡ್ಡವು. ಪಾತ್ರದ ಅಂತಸ್ತಿಗೆ ತಕ್ಕ ಅಳತೆ ಎಂಬುದು ನಮ್ಮ ಕಡೆಯ ಪದ್ಧತಿ: ದೇವರು, ರಾಜರು ದೊಡ್ಡವರು, ಆಳುಕಾಳು ಚಿಕ್ಕವರು. ಮಳೆ ಹೋದ ವರ್ಷ ಊರವರೇ ಬಂದು ಕರೆಯುತ್ತಿದ್ದರು. ಗೊಂಬೆ ಆಡಿಸಿದರೆ ಮಳೆ ಬರುತ್ತದೆಂಬ ನಂಬಿಕೆ. ‘ಬರ ಬಂದ್ರೆ ಎಲ್ರಿಗೂ ಕಷ್ಟ, ನಮಗೊಬ್ರಿಗೇ ಕೆಲಸ’ ಎಂದು ಅಜ್ಜ ಒಂದೇ ಮಾತಿನಲ್ಲಿ ಚರಿತ್ರೆ ಮುಗಿಸಿದರು.

ಸವೆದ ಗೊಂಬೆಯನ್ನು ಬೀದಿಗೆ ಎಸೆಯುವುದಿಲ್ಲ. ಒಳ್ಳೆಯ ದಿನ ನೋಡಿ, ಪೂಜೆ ಮಾಡಿ, ನೀರಿಗೆ ಬಿಡುತ್ತಾರೆ. ಎಷ್ಟೋ ಹಳೇ ಗೊಂಬೆಗಳು ಹೀಗೆ ಹೋದವು. ಇನ್ನಷ್ಟು ಹೊಟ್ಟೆಪಾಡಿಗೆ ವ್ಯಾಪಾರಿಗಳ ಕೈ ಸೇರಿ ಹೊರದೇಶಕ್ಕೆ ಹಾರಿದವು. ಚಿತ್ರಕಲಾ ಪರಿಷತ್ತು ಕಟ್ಟಿದ ಎಂ.ಎಸ್. ನಂಜುಂಡರಾಯರು ಊರೂರು ಅಲೆದು ಸಂಗ್ರಹಿಸಿದ್ದರಿಂದ ಬೆಂಗಳೂರಿನಲ್ಲಿ ಒಂದು ದೊಡ್ಡ ಭಂಡಾರ ಉಳಿಯಿತು.

ಇತ್ತೀಚಿನ ದಾರಿ

ದೂರ ಪ್ರಯಾಣಕ್ಕೆ ಈಗ ಕಾಗದಪತ್ರದ ಕಾಟವೂ ಉಂಟು. 1972ರ ಪುರಾತನ ವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಅಪ್ಪಣೆಯಿಲ್ಲದೆ ದೇಶ ಬಿಡುವಂತಿಲ್ಲ. ಅದೇ ವರ್ಷದ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ತೊಗಲಿನ ಹಳೇ ಗೊಂಬೆ ಹೊತ್ತು ಗಡಿ ದಾಟುವುದು ತಲೆನೋವಿನ ಮಾತು. ಆದರೂ ಗೊಂಬೆಗಳು ವಿಮಾನ ಹತ್ತಿವೆ. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ರಾಮಾಯಣ, ಮಹಾಭಾರತಗಳನ್ನು ಅಮೆರಿಕ, ಯುರೋಪುಗಳಲ್ಲಿ ಆಡಿಸಿ ಬಂದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೇ ತೊಗಲಿನಲ್ಲಿ ಕಡೆದು ದೇಶ ವಿದೇಶ ಸುತ್ತಿಸಿದರು. ಬಳ್ಳಾರಿಯಿಂದ ರಾಂಪುರ, ಬಿ.ಜಿ. ಕೆರೆ, ತಳಕು ಹಾದು ಚಳ್ಳಕೆರೆಗೆ ಬರುವ ಹೆದ್ದಾರಿ ಅವರಿಗೆ ಪರಿಚಿತ ದಾರಿ. 2023ರ ಏಪ್ರಿಲ್‌ನಲ್ಲಿ ಚಳ್ಳಕೆರೆಯ ಬಳಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು, ತೊಂಬತ್ತು ದಾಟಿದ ವಯಸ್ಸಿನಲ್ಲಿ.

ದೊಡ್ಡ ವಸ್ತುಸಂಗ್ರಹಾಲಯಗಳು ಇಂಥ ಕಲಾಕೃತಿಯನ್ನು ಕಳಿಸುವಾಗ ಆಮ್ಲವಿಲ್ಲದ ಕಾಗದ ಹಾಸಿ, ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಅಳತೆಗೆ ಮಾಡಿಸಿದ ಮರದ ಪೆಟ್ಟಿಗೆಯಲ್ಲಿ ಸಪಾಟಾಗಿ ಮಲಗಿಸುತ್ತವೆ. ಅಜ್ಜನ ಪಂಚೆ, ಬೇವು, ಕಂಬಳಿ ಮಾಡುವುದೂ ಬಹುಪಾಲು ಅದೇ ಕೆಲಸ. ಅಲ್ಲಿ ಅದಕ್ಕೊಂದು ಬಜೆಟ್ಟು ಇದೆ, ಇಲ್ಲಿ ಇಲ್ಲ.

ಈಗ ಕರೆ ಬರುವುದು ಅರ್ಧ ಗಂಟೆಯ ಕಾರ್ಯಕ್ರಮಕ್ಕೆ: ಯಾವುದೋ ಉತ್ಸವ, ಯಾವುದೋ ಇಲಾಖೆಯ ಜಾಗೃತಿ. ಸಂಭಾವನೆಯಲ್ಲೇ ಗಾಡಿ ಬಾಡಿಗೆಯೂ ಸೇರಿರುತ್ತದೆ. ಅಷ್ಟಕ್ಕೆ ಪೆಟ್ಟಿಗೆ ಯಾಕೆ ಎಂದು ಮಗ ಹತ್ತಿಪ್ಪತ್ತು ಚಿಕ್ಕ ಗೊಂಬೆಗಳನ್ನು ರಟ್ಟಿನ ನಡುವೆ ಇಟ್ಟು ಬಸ್ಸು ಹತ್ತುತ್ತಾನೆ. ತಪ್ಪು ಅವನದಲ್ಲ. ಆದರೆ ರಥ, ಹತ್ತು ತಲೆಯ ರಾವಣ, ಒಂದೇ ತೊಗಲಿನ ಸಭೆ ಮನೆಯಲ್ಲೇ ಉಳಿಯುತ್ತವೆ. ಬಿಚ್ಚಿ ಕಟ್ಟುವ ನೆಪವೇ ಇಲ್ಲದ ಮೇಲೆ ಬೇವು ಪುಡಿಯಾಗಿ ಹುಳ ಒಳಗೆ ಬರುತ್ತದೆ. ಓಡಾಡುವ ಪೆಟ್ಟಿಗೆಗಿಂತ ಕೂತ ಪೆಟ್ಟಿಗೆಗೇ ಅಪಾಯ ಹೆಚ್ಚು.

ಆಟಕ್ಕೆ ಕರೆಯುವವರು ಗಾಡಿ ಬಾಡಿಗೆಯನ್ನು ಬೇರೆಯಾಗಿ ಕೊಟ್ಟರೆ, ಆಟಕ್ಕೆ ಒಂದಿಡೀ ರಾತ್ರಿ ಅಲ್ಲದಿದ್ದರೂ ಎರಡು ಗಂಟೆ ಬಿಟ್ಟುಕೊಟ್ಟರೆ, ದೊಡ್ಡ ಗೊಂಬೆಗಳೂ ಹೊರಗೆ ಬಂದಾವು. ಹಾಡು, ಮಾತು ಧ್ವನಿಮುದ್ರಣದಲ್ಲಿ ಸಿಗಬಹುದು. ಕಟ್ಟುವ ಕ್ರಮ ಕೈಯಿಂದ ಕೈಗೆ ದಾಟಬೇಕಾದದ್ದು. ಮಗನಿಗೆ ಕಲಿಸಿದ್ದೀರಾ ಎಂದು ಕೇಳಿದೆ. ‘ಎಲ್ಲಿಗಾದ್ರೂ ಹೊರಟ್ರೆ ತಾನೆ ಕಲಿಸೋದು’ ಎಂದರು ಅಜ್ಜ.