ಪರವಾಗಿಲ್ಲ ಎಂದವನ ಮನೆ

ರಜೆಗೆ ಬಂದ ಮೊಮ್ಮಗಳು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕದ ಕಾರ್ಟೂನ್ ಧಾರಾವಾಹಿ ‘ದಿ ಸಿಂಪ್ಸನ್ಸ್’ ನೋಡುತ್ತಾಳೆ. ಮೊನ್ನೆ ನೋಡಿದ್ದು 1996ರ ಡಿಸೆಂಬರಿನಲ್ಲಿ ಪ್ರಸಾರವಾದ ‘ಹರಿಕೇನ್ ನೆಡ್ಡಿ’ ಎಂಬ ಕಂತು.

ಸ್ಪ್ರಿಂಗ್‌ಫೀಲ್ಡ್ ಊರಿಗೆ ಚಂಡಮಾರುತ ಬಡಿಯುತ್ತದೆ. ಸಿಂಪ್ಸನ್ ಮನೆಯ ಪಕ್ಕದ ದೈವಭಕ್ತ ನೆಡ್ ಫ್ಲಾಂಡರ್ಸ್‌ನ ಮನೆ ನೆಲಸಮ. ವಿಮೆಯೂ ಇಲ್ಲ; ಅದು ಜೂಜು ಎಂದು ಅವನ ನಂಬಿಕೆ. (ಬ್ಯಾಂಕಿನಲ್ಲಿದ್ದ ನನಗೆ ಇಲ್ಲೇ ಎದೆ ಧಸಕ್ಕೆಂದಿತು.) ಊರವರೆಲ್ಲ ಸೇರಿ ಹೊಸ ಮನೆ ಕಟ್ಟಿಕೊಡುತ್ತಾರೆ. ಒಳಗೆ ನೋಡಿದರೆ, ಹಲಗೆ ಸಾಲದ ಕಡೆ ಮಣ್ಣಿಗೇ ಬಣ್ಣ! ಒಂದು ಕೋಣೆಯಲ್ಲಿ ವಿಪರೀತ ಕರೆಂಟು. ಕಾರಿಡಾರು ಹೋಗುತ್ತ ಹೋಗುತ್ತ ಕಿರಿದಾಗಿ, ಕೊನೆಯ ಬಾಗಿಲು ಬೆಕ್ಕಿಗೆ ಸರಿಹೋಗುವಷ್ಟು. ಕಡೆಗೆ ಇಡೀ ಮನೆಯೇ ಕುಸಿಯುತ್ತದೆ. ಎಂದೂ ಗದರದ ನೆಡ್ ಅಂದು ಒಬ್ಬೊಬ್ಬರನ್ನೂ ಬೈದು, ತಾನಾಗಿಯೇ ಹೋಗಿ ಮಾನಸಿಕ ಆಸ್ಪತ್ರೆ ಸೇರುತ್ತಾನೆ. ಚಿಕ್ಕಂದಿನಲ್ಲಿ ಕೊಟ್ಟ ವಿಚಿತ್ರ ಚಿಕಿತ್ಸೆಯಿಂದ ಸಿಟ್ಟು ತೋರಿಸುವುದನ್ನೇ ಮರೆತವನಂತೆ.

“ಸಹಾಯಕ್ಕೆ ಬಂದವರನ್ನ ಬೈಬಹುದಾ ತಾತ?” ಎಂದಳು.

ನನಗೆ ತಮ್ಮ ನೆನಪಾದ. ಆರು ವರ್ಷದ ಹಿಂದೆ, ಪ್ಲಂಬರ್ ಯಾಕೆ ನಾನೇ ಮಾಡ್ತೀನಿ ಎಂದು ಅಟ್ಟದ ಪೈಪು ಬಿಚ್ಚಿದ್ದ. ರಾತ್ರಿಯೆಲ್ಲ ಸೋರಿ ನನ್ನವಳ ಹಳೆಯ ಫೋಟೊಗಳು ಒಂದಕ್ಕೊಂದು ಅಂಟಿಹೋದವು. ಅವಳು ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. “ಪರವಾಗಿಲ್ಲ ಬಿಡೋ” ಅಂದೆ. ಅಂದವನು ಮತ್ತೆ ಅವನ ಮನೆಗೆ ಹೋಗಲಿಲ್ಲ.

ಮೊಮ್ಮಗಳಿಗೆ ಉತ್ತರ ಕೊಡಲಿಲ್ಲ. ಚಿಕ್ಕತಾತನಿಗೆ ಫೋನ್ ಮಾಡಿಕೊಡು ಅಂದೆ.

“ಅವತ್ತು ಪೈಪು ಬಿಚ್ಚಿದ್ಯಲ್ಲೋ, ಅದು ನಂಗೆ ಇವತ್ತಿಗೂ ಸಿಟ್ಟು.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಗೊತ್ತಣ್ಣ. ಭಾನುವಾರ ಬರ್ಲಾ?”

ಬಾ ಅಂದೆ. ಸ್ಪ್ಯಾನರ್ ಮಾತ್ರ ತರಬೇಡ ಅಂತಲೂ ಹೇಳಿದೆ.