ವಾರಂಟಿ ಮುಗಿದ ಹಳೆ ಕಾರಿನ ಟರ್ಬೋ ಕೆಟ್ಟಾಗ: ಮೊದಲು ಕಾರಣ, ಅನಂತರ ಖರ್ಚು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ವ್ಯಾಪಾರಸ್ಥರಿಗೆ ಕಾರು ಇಂದು ಶೋಕಿಯ ವಸ್ತುವಲ್ಲ. ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಸಕಾಲದಲ್ಲಿ ತಲುಪಲು, ಹಳ್ಳಿಗಳಲ್ಲಿ ಉದ್ರಿ ವಸೂಲಿ ಮಾಡಲು, ಹುಬ್ಬಳ್ಳಿ ಪೇಟೆಗೆ ಹೋಗಿಬರಲು ಅದು ಅವಶ್ಯ ಸಾಧನ. ಈ ಕೆಲಸಕ್ಕಾಗಿ ಅನೇಕರು ಹಳೆಯ ಡೀಸೆಲ್ ಕಾರನ್ನೇ ಆರಿಸಿಕೊಳ್ಳುತ್ತಾರೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ನಿಯಮ ಜಾರಿಗೆ ಬಂದಾಗ ಮಾರುತಿ ಸುಜುಕಿ ಸಂಸ್ಥೆಯು ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಫಿಯೆಟ್ ಮೂಲದ 1.3 ಲೀಟರ್ ಎಂಜಿನ್ ಹೊಂದಿದ ಅದರ ಸ್ವಿಫ್ಟ್, ಡಿಸೈರ್ ಡೀಸೆಲ್ ಕಾರುಗಳು ಈಗ ಹಳೆ ಕಾರುಗಳಾಗಿಯೇ ಕೈ ಬದಲಾಯಿಸುತ್ತಿವೆ. ಇಂತಹ ಕಾರುಗಳಲ್ಲಿ ದೊಡ್ಡ ಖರ್ಚು ತರುವ ದೋಷಗಳಲ್ಲಿ ಟರ್ಬೋಚಾರ್ಜರ್ ವೈಫಲ್ಯ ಒಂದು.

ಮೊದಲಿಗೇ ಹೇಳಬೇಕಾದ ಮಾತೆಂದರೆ, ಟರ್ಬೋ ತಾನಾಗಿ ಕೆಡುವುದು ವಿರಳ. ಬಹುತೇಕ ಬೇರೊಂದು ದೋಷವೇ ಅದನ್ನು ಕೆಡಿಸುತ್ತದೆ. ಆ ದೋಷವನ್ನು ಹುಡುಕದೆ ಹೊಸ ಟರ್ಬೋ ಹಾಕಿಸಿದರೆ ಹೊಸದೂ ಅಲ್ಪಕಾಲದಲ್ಲಿಯೇ ಹಾಳಾಗಿ ಖರ್ಚು ಇಮ್ಮಡಿಯಾಗುತ್ತದೆ.

ಟರ್ಬೋ ಕೆಲಸ ಮಾಡುವ ಬಗೆ

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಶಿ ಎಂಬವರು 1905ರಲ್ಲಿ ಈ ಸಾಧನಕ್ಕೆ ಪೇಟೆಂಟ್ ಪಡೆದರು. ತತ್ತ್ವ ಸರಳವಾದುದು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ದೊರೆತಷ್ಟೂ ಹೆಚ್ಚು ಇಂಧನ ಉರಿದು ಶಕ್ತಿ ಹೆಚ್ಚುತ್ತದೆ. ಸಣ್ಣ ಕಾರುಗಳಲ್ಲಿ ಈ ದಂಡವು ನಿಮಿಷಕ್ಕೆ 2 ಲಕ್ಷ ಸುತ್ತುಗಳವರೆಗೂ ತಿರುಗಬಲ್ಲದು. ಅಷ್ಟು ವೇಗದಲ್ಲಿ ಅದನ್ನು ಕಾಪಾಡುವುದು ಎಂಜಿನ್ ಆಯಿಲ್‌ನ ತೆಳುವಾದ ಪದರ ಮಾತ್ರ. ಆಯಿಲ್ ಕೆಲ ಕ್ಷಣ ತಡವಾಗಿ ಬಂದರೂ, ಅದರಲ್ಲಿ ಕೊಳೆ ಸೇರಿದರೂ ಬೇರಿಂಗ್ ಸವೆಯುತ್ತದೆ.

ಲಕ್ಷಣಗಳು ಹಾಗೂ ಪರೀಕ್ಷೆ

ಪಿಕಪ್ ಕುಗ್ಗುವುದು, ಸೀಟಿ ಅಥವಾ ಸೈರನ್ನಿನಂತಹ ಸದ್ದು, ಆಯಿಲ್ ಬೇಗನೆ ಕಡಿಮೆಯಾಗುವುದು ಮುಖ್ಯ ಲಕ್ಷಣಗಳು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದೂ, ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಎಂದೂ ತಿಳಿಯಬಹುದು. ಆದರೆ ಇವುಗಳಿಂದಲೇ ಟರ್ಬೋ ಹಾಳಾಗಿದೆ ಎಂದು ನಿರ್ಧರಿಸಲಾಗದು. ಗಾಳಿಯ ಪೈಪ್ ಸೀಳಿದ್ದರೂ, ಇಂಟರ್‌ಕೂಲರ್ ಸೋರುತ್ತಿದ್ದರೂ, ವ್ಯಾಕ್ಯೂಮ್ ನಳಿಕೆ ಬಿಟ್ಟಿದ್ದರೂ ಪಿಕಪ್ ಕುಗ್ಗುತ್ತದೆ. ಪಿಸ್ಟನ್ ರಿಂಗ್ ಸವೆದಾಗಲೂ ನೀಲಿ ಹೊಗೆ ಬರುತ್ತದೆ.

ಆದುದರಿಂದ ಎಂಜಿನ್ ಪೂರ್ಣ ತಣ್ಣಗಾದ ಮೇಲೆ ಗಾಳಿಯ ಪೈಪ್ ಬಿಚ್ಚಿಸಿ, ಮಾಲೀಕರು ಎದುರಿಗೆ ನಿಂತು ದಂಡವನ್ನು ಪರೀಕ್ಷಿಸಬೇಕು. ಅಡ್ಡಡ್ಡಕ್ಕೆ ಅಲ್ಪ ಅಲುಗಾಟ ಸಹಜ. ಒಳಗೆ-ಹೊರಗೆ ಜಗ್ಗಿದಾಗ ಅಲುಗಿದರೆ ಅಥವಾ ಚಕ್ರದ ರೆಕ್ಕೆಗಳು ಕವಚಕ್ಕೆ ಉಜ್ಜಿದ ಗುರುತಿದ್ದರೆ ಟರ್ಬೋ ಕೆಟ್ಟಿರುವುದು ಖಚಿತ. ಪೈಪಿನಲ್ಲಿ ಆಯಿಲ್‌ನ ತೆಳು ಪಸೆ ಇರುವುದು ದೋಷವಲ್ಲ.

ಒಂದು ಎಚ್ಚರಿಕೆ: ಟರ್ಬೋ ಮೂಲಕ ಎಂಜಿನ್ನಿಗೆ ನುಗ್ಗಿದ ಆಯಿಲ್ಲೇ ಉರಿಯತೊಡಗಿದರೆ ಡೀಸೆಲ್ ಎಂಜಿನ್ ಕೀಲಿ ತೆಗೆದರೂ ನಿಲ್ಲದೆ ಓಡಬಲ್ಲದು. ಕೈಗೇರಿನ ಕಾರಾದರೆ ನಿಲ್ಲಿಸಿ, ಬ್ರೇಕ್ ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಬೇಕು. ಸಂಶಯವಿದ್ದಾಗ ಕಾರನ್ನು ಓಡಿಸದೆ ಎಳೆಸಿಕೊಂಡು ಹೋಗುವುದೇ ಲೇಸು.

ದುರಸ್ತಿಯ ಆಯ್ಕೆಗಳು

ಆ್ಯಕ್ಚುಯೇಟರ್ ಅಥವಾ ಮಸಿ ಕಟ್ಟಿದ ರೆಕ್ಕೆಗಳಷ್ಟೇ ದೋಷವಾಗಿದ್ದರೆ ಆ ಭಾಗದ ದುರಸ್ತಿ ಸಾಕು. ಬೇರಿಂಗ್ ಸವೆದು ಹೊರ ಕವಚ ಚೆನ್ನಾಗಿದ್ದರೆ, ಬ್ಯಾಲೆನ್ಸ್ ಮಾಡಿದ ಮಧ್ಯಭಾಗವನ್ನು ಮಾತ್ರ ಬದಲಾಯಿಸಬಹುದು. ಕವಚವೂ ಕೆಟ್ಟಿದ್ದರೆ ಹೊಸದೇ ಬೇಕು. ಗುಜರಿಯ ಟರ್ಬೋ ಅಗ್ಗವಾಗಿ ಕಂಡರೂ ಅದರ ಪೂರ್ವಚರಿತ್ರೆ ತಿಳಿಯದು.

ಯಾವುದನ್ನು ಆರಿಸಿದರೂ ಆಯಿಲ್ ಹಾಗೂ ಫಿಲ್ಟರ್ ಬದಲಾವಣೆ, ಆಯಿಲ್ ಬರುವ ನಳಿಕೆಯ ಬದಲಾವಣೆ, ಮರಳುವ ನಳಿಕೆಯ ಶುಚಿ, ಇಂಟರ್‌ಕೂಲರ್‌ನಲ್ಲಿ ಉಳಿದ ಆಯಿಲ್ ಮತ್ತು ಲೋಹದ ಚೂರುಗಳ ನಿವಾರಣೆ ಹಾಗೂ ಆಯಿಲ್ ಒತ್ತಡದ ಪರೀಕ್ಷೆ ಆಗಲೇಬೇಕು. ಇವು ಅಂದಾಜು ಪತ್ರಿಕೆಯಲ್ಲಿ ಇಲ್ಲದಿದ್ದರೆ ಕಾರಣ ಕೇಳಿರಿ. ಒಟ್ಟು ಖರ್ಚನ್ನು ಕಾರಿನ ಇಂದಿನ ಮಾರಾಟ ಬೆಲೆಯೊಂದಿಗೆ ಹೋಲಿಸಿರಿ. ಎಂಜಿನ್ನೇ ಸವೆದಿದ್ದರೆ ಹೊಸ ಟರ್ಬೋ ಹಾಕಿಸುವುದು ನಷ್ಟದ ವ್ಯವಹಾರವಾದೀತು.

ವಿಮೆ, ತೆರಿಗೆ ಮತ್ತು ಕಾನೂನು

ಸಾಮಾನ್ಯ ಮೋಟಾರು ವಿಮೆಯಲ್ಲಿ ಯಾಂತ್ರಿಕ ವೈಫಲ್ಯಕ್ಕೆ ಪರಿಹಾರವಿಲ್ಲ. ಸ್ವಂತ ವ್ಯಾಪಾರದ ಓಡಾಟಕ್ಕೆ ಬಳಸುವ ಕಾರಿನ ದುರಸ್ತಿಯ ಮೇಲೆ ಕೊಟ್ಟ ಜಿ.ಎಸ್.ಟಿ.ಗೆ ಕಾಯ್ದೆಯ ಕಲಂ 17(5)ರ ಪ್ರಕಾರ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಲೆಕ್ಕ ಹಾಕುವಾಗ ತೆರಿಗೆಯನ್ನೂ ಖರ್ಚೆಂದೇ ಹಿಡಿಯಬೇಕು.

ದುರಸ್ತಿಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅನ್ವಯ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದರೆ ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸರಕು ಅಥವಾ ಸೇವೆಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಸ್ವತಃ ಬಳಸುವವರಿಗೆ ವಿನಾಯಿತಿ ಇದೆ. ಸಂಸ್ಥೆಯ ಹೆಸರಿನಲ್ಲಿ ಕಾರು ಹೊಂದಿದವರು ಇದನ್ನು ವಕೀಲರಲ್ಲಿ ವಿಚಾರಿಸುವುದು ಒಳಿತು. ಯಾರೇ ಆಗಲಿ, ದೋಷದ ಕಾರಣವನ್ನು ಬರವಣಿಗೆಯಲ್ಲಿ ಪಡೆದು, ಬಿಲ್ಲಿನಲ್ಲಿ ಬಿಡಿಭಾಗದ ಸಂಖ್ಯೆ ಹಾಗೂ ಗ್ಯಾರಂಟಿ ಅವಧಿ ನಮೂದಿಸಿಕೊಂಡು, ಬಿಚ್ಚಿದ ಹಳೆಯ ಟರ್ಬೋವನ್ನು ಕೇಳಿ ಪಡೆಯತಕ್ಕದ್ದು. ಅದೇ ಮುಂದೆ ಸಾಕ್ಷ್ಯವಾಗುತ್ತದೆ.

ಮುಂಜಾಗ್ರತೆ

ನಮ್ಮ ಎರೆ ಭೂಮಿಯ ಧೂಳು ಬಹು ನುಣುಪಾದುದು. ಸುಗ್ಗಿಯ ದಿನಗಳಲ್ಲಿ ಹೊಲದ ದಾರಿ ಹಿಡಿಯುವ ಕಾರಿನ ಏರ್ ಫಿಲ್ಟರ್ ಮತ್ತು ಆಯಿಲ್ಲನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ಬದಲಾಯಿಸಬೇಕು. ಹುಬ್ಬಳ್ಳಿಯಿಂದ ವೇಗವಾಗಿ ಬಂದ ಕೂಡಲೇ ಎಂಜಿನ್ ಬಂದ್ ಮಾಡದೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಡಬೇಕು. ಇಲ್ಲವಾದರೆ ಬಿಸಿ ಬೇರಿಂಗಿನಲ್ಲಿ ನಿಂತ ಆಯಿಲ್ ಕರಕಲಾಗಿ ನಳಿಕೆ ಕಟ್ಟುತ್ತದೆ. ಬೆಳಿಗ್ಗೆ ಎಂಜಿನ್ ಚಾಲೂ ಆದೊಡನೆ ಆಕ್ಸಿಲರೇಟರ್ ತುಳಿಯಬಾರದು.

ಹಳೆ ಕಾರು ಖರೀದಿಸುವವರು ಆಯಿಲ್ ಬದಲಾವಣೆಯ ದಾಖಲೆಯನ್ನು ಮೊದಲು ಕೇಳಲಿ. ಕಾರಿನ ಬಣ್ಣಕ್ಕಿಂತ ಆ ದಾಖಲೆಯೇ ಟರ್ಬೋವಿನ ಆಯುಷ್ಯವನ್ನು ಹೆಚ್ಚು ನಿಖರವಾಗಿ ತಿಳಿಸುತ್ತದೆ.